ಹೊಳೆದಂಡೆಯ ಗೆಸ್ಟ್‌ಹೌಸಿನಲ್ಲಿ ಸ್ವಯಂಸೇವೆ: ರಾಪ್ತಿಯೋ, ಕಂಪೋಟೋ, ಮೆಕಾಂಗೋ, ಮೊದಲು ನಮ್ಮ ಕಾಳಿಯೋ?

ಹೋದ ತಿಂಗಳು ಗದಗಿನ ಹುಡುಗನೊಬ್ಬ ಫೋನ್ ಮಾಡಿದ್ದ. ಬಿ.ಕಾಂ. ಮುಗಿಸಿ ಎರಡು ವರ್ಷ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಒಂದಿಷ್ಟು ದುಡ್ಡು ಕೂಡಿಸಿಟ್ಟಿದ್ದಾನೆ. ‘ಅಕ್ಕಾರ, ಕಾಂಬೋಡಿಯಾದಾಗ ಹೊಳಿ ದಂಡಿ ಮ್ಯಾಲ ಒಂದ ಗೆಸ್ಟ್‌ಹೌಸ್ ಐತ್ರಿ. ದಿನಕ್ಕ ನಾಕ ತಾಸ ಕೆಲಸ ಮಾಡಿದ್ರ ಊಟ, ವಸ್ತಿ ಪುಕ್ಕಟ ಅಂತ. ಹೋಗ್ಲೇನ್ರಿ?’ ಅಂದ. ಫೋಟೋನೂ ಕಳಿಸಿದ್ದ. ನೀರಿನ ಮೇಲೆ ಚಾಚಿದ ಮರದ ಅಟ್ಟ, ಎರಡು ಕಂಬಕ್ಕೆ ಕಟ್ಟಿದ ಜೋಲಿ, ಸಂಜೆಯ ಕೆಂಪು.

ನಾನು ಕೆಲವು ವರ್ಷದ ಹಿಂದೆ ನೇಪಾಳದ ಸೌರಾಹಾದಲ್ಲಿ, ರಾಪ್ತಿ ನದಿಯ ದಂಡೆಯ ಗೆಸ್ಟ್‌ಹೌಸೊಂದರಲ್ಲಿ ಆರು ವಾರ ಹೀಗೆ ಕೆಲಸ ಮಾಡಿದವಳು. ಆಮೇಲೊಮ್ಮೆ ಕಾಂಬೋಡಿಯಾದ ಕಂಪೋಟಿಗೂ ಲಾವೋಸಿಗೂ ಹೋಗಿದ್ದೆ. ಅಲ್ಲಿ ದುಡ್ಡು ಕೊಟ್ಟೇ ಉಳಿದೆ, ಆದರೆ ಸ್ವಯಂಸೇವಕರಾಗಿದ್ದವರ ಜೊತೆ ಕೂತು ಸಾಕಷ್ಟು ಮಾತಾಡಿ ಬಂದೆ. ಅದಕ್ಕೇ ಹಾವೇರಿ, ಧಾರವಾಡ ಕಡೆಯ ಹುಡುಗರು ಹುಡುಗಿಯರು ಇಂಥದ್ದು ಕೇಳಬೇಕಾದರೆ ನನ್ನ ನಂಬರು ಹುಡುಕುತ್ತಾರೆ. ಅವರೆಲ್ಲ ಕೇಳುವುದು ಹೊಳೆ ಹೇಗಿದೆ, ಊರು ಹೇಗಿದೆ ಅಂತ. ಆ ಕೆಲಸ ನೀವು ಹೋಗುವ ಮೊದಲು ಯಾರು ಮಾಡುತ್ತಿದ್ದರು, ನಿಮ್ಮ ವೀಸಾದ ಮೇಲೆ ಅದನ್ನು ಮಾಡಲಿಕ್ಕೆ ಬರುತ್ತದೋ ಇಲ್ಲವೋ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ನನ್ನ ಮಟ್ಟಿಗೆ ಯಾವ ದೇಶ, ಯಾವ ನದಿ ಅನ್ನುವುದು ಆ ಎರಡು ಪ್ರಶ್ನೆಗಳ ನಂತರದ ಮಾತು.

ಹೊಳೆಯ ಹಂಬಲ ನನಗೂ ಅರ್ಥವಾಗುತ್ತದೆ. ಹುಬ್ಬಳ್ಳಿಗೆ ಹೊಳೆ ಇಲ್ಲ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ನಮ್ಮ ಕಣ್ಣಿಗೆ ಬೀಳುವ ಮೊದಲೇ ಕಾಡಿನ ಕಡೆ ಹೊರಟುಬಿಡುತ್ತದೆ. ಕುಡಿಯುವ ನೀರು ಸವದತ್ತಿಯ ರೇಣುಕಾ ಸಾಗರದಿಂದ, ಮಲಪ್ರಭೆಯಿಂದ ಬರಬೇಕು. ಬೇಸಿಗೆಯಲ್ಲಿ ನಳಕ್ಕೆ ನೀರು ಬಿಡುವ ದಿನ ಎಂದರೆ ಮನೆಯ ಕೊಡ, ಬಕೀಟು, ಪಾತೇಲಿ ಎಲ್ಲ ಸಾಲಾಗಿ ನಿಲ್ಲುತ್ತವೆ. ನನ್ನ ತವರು ಹಾವೇರಿ ಕಡೆ ವರದಾ ದಂಡೆಯಲ್ಲಿ. ಅಲ್ಲಿಯೂ ಮಾರ್ಚಿ ಬಂತೆಂದರೆ ಉಸುಕೇ ಜಾಸ್ತಿ. ಇಂಥ ಕಡೆಯಿಂದ ಬಂದವರಿಗೆ ವರ್ಷವಿಡೀ ಹರಿಯುವ ನೀರಿನ ಪಕ್ಕ ಒಂದು ತಿಂಗಳು ಮಲಗಿ ಏಳುವುದು ಸಣ್ಣ ಆಸೆಯಲ್ಲ. ಆದರೆ ಆಸೆಯ ಭರದಲ್ಲಿ ಕಾಗದಪತ್ರ ಮರೆಯಬಾರದು.

ಮೊದಲು ವೀಸಾ

ಸ್ವಯಂಸೇವೆ ಎಂದರೆ ಸಂಬಳವಿಲ್ಲ, ಆದ್ದರಿಂದ ಅದು ಕೆಲಸವಲ್ಲ ಎಂದು ನಾವು ತಿಳಿದುಕೊಳ್ಳುತ್ತೇವೆ. ಬಹಳ ದೇಶಗಳ ಕಾನೂನು ಹಾಗೆ ತಿಳಿಯುವುದಿಲ್ಲ. ಮಂಚ ಮತ್ತು ಊಟವನ್ನು ಕೆಲಸಕ್ಕೆ ಕೊಟ್ಟ ಪ್ರತಿಫಲ ಎಂದೇ ಅವು ಎಣಿಸಬಹುದು.

ಥಾಯ್ಲೆಂಡ್ ಈ ವಿಷಯದಲ್ಲಿ ಖಡಾಖಡಿ. ಅಲ್ಲಿ ಪರದೇಶದವರು ಪುಕ್ಕಟೆ ದುಡಿದರೂ ವರ್ಕ್ ಪರ್ಮಿಟ್ ಬೇಕು. ಇಲ್ಲದೆ ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್‌ವರೆಗೆ ದಂಡ, ಮೇಲೆ ದೇಶದಿಂದ ಹೊರಗೆ. ಪಾಯ್, ಕಾಂಚನಬುರಿಯ ಹೊಳೆದಂಡೆಗಳಲ್ಲಿ ಸ್ವಯಂಸೇವಕರು ಬೇಕು ಎನ್ನುವ ಗೆಸ್ಟ್‌ಹೌಸುಗಳು ಬೇಕಾದಷ್ಟಿವೆ. ಆದರೆ ದಂಡ ಕಟ್ಟುವವರು ಮಾಲೀಕರ ಜೊತೆ ನೀವೂ ಹೌದು. ಥಾಯ್ಲೆಂಡಿಗೆ ಹೋಗುವುದಾದರೆ ಅತಿಥಿಯಾಗಿ ಹೋಗಿ, ದುಡ್ಡು ಕೊಟ್ಟು ಉಳಿಯಿರಿ. ಈ ಹೋಲಿಕೆಯಿಂದ ನಾನು ಅದನ್ನು ಇಲ್ಲಿಗೇ ತೆಗೆದುಹಾಕುತ್ತೇನೆ.

ಕಾಂಬೋಡಿಯಾದಲ್ಲಿ ಟಿ ವರ್ಗದ ಪ್ರವಾಸಿ ವೀಸಾ ಬೇರೆ, ಇ ವರ್ಗದ್ದು ಬೇರೆ. ಮೊದಲನೆಯದರ ಶುಲ್ಕ 30 ಡಾಲರ್, ಎರಡನೆಯದಕ್ಕೆ 35. ಐದೇ ಡಾಲರ್ ಅಂತರ, ಆದರೆ ಅರ್ಥದ ಅಂತರ ದೊಡ್ಡದು. ಟಿ ವೀಸಾ ನೋಡಿಕೊಂಡು ಬರಲಿಕ್ಕೆ, ಒಮ್ಮೆ ಒಂದು ತಿಂಗಳು ಮುಂದುವರಿಸಬಹುದು. ಹೆಚ್ಚು ಕಾಲ ಉಳಿಯುವ, ದುಡಿಯುವ ದಾರಿ ಇ ವೀಸಾದ್ದು, ಅದರ ಮೇಲೆ ವರ್ಕ್ ಪರ್ಮಿಟ್ಟೂ ಮಾಡಿಸಬೇಕು. ಕಂಪೋಟಿನಲ್ಲಿ ನಾನು ಮಾತಾಡಿಸಿದ ಸ್ವಯಂಸೇವಕರಲ್ಲಿ ಹೆಚ್ಚಿನವರು ಟಿ ವೀಸಾದ ಮೇಲೇ ಇದ್ದರು, ‘ಯಾರೂ ಕೇಳಂಗಿಲ್ಲ’ ಎನ್ನುವ ಧೈರ್ಯದಲ್ಲಿ. ಅವರ ಪಾಸ್‌ಪೋರ್ಟು ಬೇರೆ, ನಮ್ಮದು ಬೇರೆ. ಒಂದು ಕಡೆ ಹೊರಹಾಕಿಸಿಕೊಂಡ ಮುದ್ರೆ ಬಿದ್ದರೆ ಮುಂದೆ ಯಾವ ದೇಶದ ವೀಸಾ ಅರ್ಜಿಯಲ್ಲೂ ಅದಕ್ಕೆ ಉತ್ತರ ಹೇಳುತ್ತ ಹೋಗಬೇಕು. ಲಾವೋಸಿನದೂ ಇದೇ ಕಥೆ. ವಿಮಾನ ನಿಲ್ದಾಣದಲ್ಲಿ 30 ದಿನದ ವೀಸಾ ಸುಲಭವಾಗಿ ಸಿಗುತ್ತದೆ, ಸಿಗುವುದು ಪ್ರವಾಸಕ್ಕೆ.

ಒಂದೇ ವೀಸಾ ನಡೆಯುವ ಯುರೋಪಿನ ಶೆಂಗೆನ್ ದೇಶಗಳಿಗೆ ವೀಸಾ ಶುಲ್ಕವೇ 90 ಯುರೋ. ಬ್ಯಾಂಕ್ ಖಾತೆ, ಉಳಿಯುವ ಜಾಗ, ಹಿಂದಿರುಗುವ ಟಿಕೆಟ್ಟು ಎಲ್ಲ ತೋರಿಸಬೇಕು. ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿ ‘ಗೆಸ್ಟ್‌ಹೌಸಿನಲ್ಲಿ ಕೆಲಸ ಮಾಡುತ್ತೇನೆ’ ಎಂದು ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು, ಬರೆಯದೆ ಹೋದರೆ ಸುಳ್ಳು ಹೇಳಿದಂತೆ. ಬ್ರಿಟನ್ನಿನ ವಿಸಿಟರ್ ನಿಯಮದಲ್ಲಿ ಒಟ್ಟು 30 ದಿನದವರೆಗೆ ಸ್ವಯಂಸೇವೆಗೆ ಅವಕಾಶವಿದೆ, ಆದರೆ ನೋಂದಾಯಿತ ದತ್ತಿ ಸಂಸ್ಥೆಗೆ ಮಾತ್ರ. ಲಾಭಕ್ಕಾಗಿ ನಡೆಯುವ ಗೆಸ್ಟ್‌ಹೌಸು ಅದರಲ್ಲಿ ಬರುವುದಿಲ್ಲ. ಪರದೇಶದಲ್ಲಿ ಹೊಳೆಯೋ ಕಡಲೋ ದಂಡೆಯ ಹೋಟೆಲಿನಲ್ಲಿ ಕಾನೂನುಬದ್ಧವಾಗಿ ದುಡಿಯಲೇಬೇಕು ಎನ್ನುವ ಮೂವತ್ತರೊಳಗಿನವರಿಗೆ ಆಸ್ಟ್ರೇಲಿಯಾದ ವರ್ಕ್ ಆ್ಯಂಡ್ ಹಾಲಿಡೇ ವೀಸಾ ಇದೆ. 18ರಿಂದ 30 ವಯಸ್ಸಿನ ಭಾರತೀಯರಿಗೆ ವರ್ಷಕ್ಕೆ 1,000 ಜಾಗ, 2024ರಲ್ಲಿ ಶುರುವಾಯಿತು, ಲಾಟರಿಯಲ್ಲಿ ಹೆಸರು ಬರಬೇಕು. ಬಂದರೆ ಸಂಬಳ ತೆಗೆದುಕೊಂಡೇ ದುಡಿಯಬಹುದು, ಪುಕ್ಕಟೆ ಮಂಚದ ಲೆಕ್ಕವೇ ಬೇಡ.

ನೇಪಾಳ ಮಾತ್ರ ನಮಗೆ ಬೇರೆಯೇ ಲೆಕ್ಕ. 1950ರ ಭಾರತ–ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದ 7ನೇ ವಿಧಿಯಲ್ಲಿ ಒಬ್ಬರ ನಾಡಿನಲ್ಲಿ ಇನ್ನೊಬ್ಬರಿಗೆ ವಾಸ, ವ್ಯಾಪಾರ, ಓಡಾಟದಲ್ಲಿ ಪರಸ್ಪರ ಒಂದೇ ಬಗೆಯ ಸೌಲಭ್ಯ ಕೊಡುವ ಮಾತಿದೆ. ಬೇರೆ ದೇಶದವರು ಪ್ರವಾಸಿ ವೀಸಾದ ಮೇಲೆ ಒಂದು ವರ್ಷದಲ್ಲಿ 150 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ, ಅನುಮತಿಯಿಲ್ಲದೆ ಪುಕ್ಕಟೆ ಕೆಲಸವನ್ನೂ ಮಾಡುವಂತಿಲ್ಲ. ನಮಗೆ ವೀಸಾ ಬೇಡವೇ ಬೇಡ. ಪಾಸ್‌ಪೋರ್ಟು ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ಆಧಾರ್ ನಂಬಿಕೊಂಡು ವಿಮಾನಕ್ಕೆ ಹೋಗಬೇಡಿ, 15 ವರ್ಷದೊಳಗಿನವರಿಗೆ, 65 ದಾಟಿದವರಿಗೆ ಬಿಟ್ಟು ಉಳಿದವರಿಗೆ ಅದು ಸಾಲದು. ಇಷ್ಟಾದರೂ ಮಾಲೀಕರಿಂದ ನಿಮ್ಮ ಕೆಲಸ, ತಾಸು, ದಿನಾಂಕಗಳನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬರೆದದ್ದು ನಿಮಗೆ ಯಾವಾಗ ಬೇಕಾಗುತ್ತದೆ ಎನ್ನುವುದನ್ನು ಈಗ ಹೇಳುತ್ತೇನೆ.

ಹದಿನಾಲ್ಕು ಚಾದರ

ನನ್ನ ಒಪ್ಪಂದ ದಿನಕ್ಕೆ ಐದು ತಾಸು, ವಾರಕ್ಕೆ ಐದು ದಿನ. ಇಂಥ ಜೋಡಣೆ ಮಾಡಿಕೊಡುವ ವರ್ಕ್‌ಅವೇಯಂಥ ಜಾಲತಾಣಗಳು ಹೇಳುವ ಮಿತಿಯೂ ಹೆಚ್ಚೂಕಡಿಮೆ ಅಷ್ಟೇ, ವಾರಕ್ಕೆ 25 ತಾಸು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಟೇಬಲ್ ನೋಡಿಕೊಳ್ಳುವುದು, ಹಿಂದಿಯಲ್ಲಿ ಇಂಗ್ಲಿಷಿನಲ್ಲಿ ಬರುವ ಬುಕಿಂಗ್ ಮೆಸೇಜಿಗೆ ಉತ್ತರ ಕೊಡುವುದು, ಕೋಣೆ ಖಾಲಿಯಾದರೆ ಚಾದರ ಬದಲಿಸುವುದು.

ಚಾದರದ ಕೆಲಸ ಕಲಿಸಿದವಳು ಅಲ್ಲಿನ ಥಾರೂ ಬುಡಕಟ್ಟಿನ ಹೆಂಗಸು. ಎಲ್ಲರೂ ಅವಳನ್ನು ದೀದಿ ಎನ್ನುತ್ತಿದ್ದರು. ಜನವರಿ ತಿಂಗಳು, ಬೆಳಿಗ್ಗೆ ಹತ್ತು ಹನ್ನೊಂದರ ತನಕ ಹೊಳೆಯ ಮೇಲಿನ ಮಂಜು ಏಳುವುದಿಲ್ಲ. ಬಿಸಿಲು ಇರುವುದೇ ನಾಲ್ಕೈದು ತಾಸು, ಅಷ್ಟರಲ್ಲಿ ಹದಿನಾಲ್ಕು ಚಾದರ ಒಣಗಬೇಕು. ಹಿಂಡಿದ ಚಾದರದ ಎರಡು ಮೂಲೆ ಅವಳು ಹಿಡಿಯುತ್ತಿದ್ದಳು, ಎರಡು ಮೂಲೆ ನಾನು. ‘ಏಕ್, ದುಯಿ’ ಎಂದು ಎಣಿಸಿ ಇಬ್ಬರೂ ಒಮ್ಮೆಗೇ ಝಾಡಿಸಿದರೆ ಚಾಟಿ ಹೊಡೆದಂತೆ ಸದ್ದು, ನೀರು ಧೂಳಿನಂತೆ ಹಾರುತ್ತಿತ್ತು. ನನ್ನ ಕಡೆ ಸಡಿಲವಾದರೆ ಚಾದರ ನಡುವೆ ಜೋತು ನೆಲ ಮುಟ್ಟುತ್ತಿತ್ತು, ಹೊಳೆಯ ಸಣ್ಣ ಉಸುಕು ಅಂಟುತ್ತಿತ್ತು, ಮತ್ತೆ ತೊಳೆಯಬೇಕು. ಅರಿಶಿನದ ಕಲೆಗೆ ಅವಳು ನಿಂಬೆಯ ಹೋಳು ತಿಕ್ಕಿ ಬಿಸಿಲಿಗೆ ಹಾಕುತ್ತಿದ್ದಳು. ದಾಲ್ ಭಾತ್ ಉಣ್ಣುವ ಕೈ ಚಾದರಕ್ಕೂ ತಾಕುತ್ತದೆ, ಅದಕ್ಕೆ ಕೋಣೆಯಲ್ಲಿ ಊಟ ಕೊಡಬಾರದು ಎಂದು ಮಾಲೀಕರಿಗೆ ದಿನಾ ಹೇಳುತ್ತಿದ್ದಳು.

ಮೂರನೆಯ ವಾರ ಇನ್ನಿಬ್ಬರು ಸ್ವಯಂಸೇವಕರು ಬಂದರು. ನಾಲ್ಕನೆಯ ವಾರ ದೀದಿ ಬರಲಿಲ್ಲ. ಅವಳಿಗೆ ಹುಷಾರಿಲ್ಲ ಎಂದುಕೊಂಡೆ. ಒಂದು ಸಂಜೆ ಬಾಕಿ ಹದಿಮೂರು ದಿನದ ಕೂಲಿ ಕೇಳಲು ಮಗನನ್ನು ಕರೆದುಕೊಂಡು ಬಂದಾಗ ಗೊತ್ತಾಯಿತು, ನಾವು ಮೂವರು ಇದ್ದೇವಲ್ಲ, ಸದ್ಯಕ್ಕೆ ಬೇಡ ಎಂದು ಕಳಿಸಿದ್ದಾರೆ. ಆ ವಾರದಿಂದ ನನ್ನ ಐದು ತಾಸು ಒಂಬತ್ತಾಗಿತ್ತು, ಐದು ದಿನ ಆರಾಗಿತ್ತು. ನನಗೆ ನಿದ್ದೆ ಕೆಟ್ಟದ್ದು ದಣಿವಿನಿಂದಲ್ಲ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಹೊರಗಿನಿಂದ ಯಾರೋ ಬಂದು ‘ನಾವು ಪುಕ್ಕಟೆ ಬಿಡಿಸುತ್ತೇವೆ, ನಮಗೆ ಈ ಕೆಲಸ ಅನುಭವ’ ಎಂದರೆ ಅವರ ಮನೆಯ ಒಲೆ ಏನಾಗುತ್ತದೆ?

ಲೆಕ್ಕ ಹಾಕಿದೆ. ಅಲ್ಲಿ ಡಾರ್ಮಿಟರಿಯ ಒಂದು ಮಂಚಕ್ಕೆ ಆಗ 500 ನೇಪಾಳಿ ರೂಪಾಯಿ, ಎರಡೂಟಕ್ಕೆ 700. ಒಟ್ಟು 1,200. ನಮ್ಮ ಒಂದು ರೂಪಾಯಿಗೆ ಅವರದು 1.60, 1993ರಿಂದ ಇದೇ ದರ. ಅಂದರೆ ದಿನಕ್ಕೆ ನಮ್ಮ 750, ವಾರಕ್ಕೆ 5,250. ವಾರಕ್ಕೆ 25 ತಾಸು ದುಡಿದರೆ ತಾಸಿಗೆ 210 ರೂಪಾಯಿ ಬಿದ್ದ ಹಾಗೆ, ನ್ಯಾಯವಾದ ವಿನಿಮಯ. 54 ತಾಸು ದುಡಿದರೆ ತಾಸಿಗೆ 97. ಬರೆಸಿಕೊಂಡ ಮೆಸೇಜು ಆಗ ಕೆಲಸಕ್ಕೆ ಬಂತು. ಮಾಲೀಕರ ಮುಂದೆ ಅದನ್ನು ತೆರೆದಿಟ್ಟು, ಐದು ತಾಸಿಗೆ ಮರಳುತ್ತೇನೆ, ಚಾದರದ ಕೆಲಸಕ್ಕೆ ದೀದಿಯನ್ನೇ ಕರೆಯಿರಿ, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಹೊರಡುತ್ತೇನೆ ಎಂದೆ. ಕೈಯಲ್ಲಿ ಹಿಂದಿರುಗುವ ಖರ್ಚು ಇದ್ದದ್ದರಿಂದ ಹಾಗೆ ಹೇಳಲಿಕ್ಕೆ ಬಂತು. ಆ ದುಡ್ಡಿಲ್ಲದೆ ಮನೆ ಬಿಡಬೇಡಿ. ಅವಳು ಎರಡು ದಿನದ ಮೇಲೆ ಮತ್ತೆ ಬಂದಳು. ಬಾಕಿ ಕೂಲಿ ಪೂರ್ತಿ ಸಿಕ್ಕಿತೋ ಇಲ್ಲವೋ ಅವಳು ಹೇಳಲಿಲ್ಲ, ನನಗೆ ಕೇಳಲಿಕ್ಕೆ ಬಾಯಿ ಬರಲಿಲ್ಲ.

ಅದಕ್ಕೇ ಈಗ ಯಾವ ಗೆಸ್ಟ್‌ಹೌಸಿನ ಜಾಹೀರಾತು ಕಳಿಸಿದರೂ ನಾನು ಮೊದಲು ನೋಡುವುದು ಕೆಲಸದ ಪಟ್ಟಿ. ಕೋಣೆ ಗುಡಿಸುವುದು, ಪಾತ್ರೆ, ಬಟ್ಟೆ, ರಾತ್ರಿ ಕಾವಲು ಮಾತ್ರ ಇದ್ದರೆ ಅದು ಊರಿನ ಒಬ್ಬರ ಸಂಬಳ. ಗೋಡೆಗೆ ಚಿತ್ರ ಬರೆಯುವುದು, ವೆಬ್‌ಸೈಟ್ ಸರಿಮಾಡುವುದು, ಮಾಲೀಕರ ಮಕ್ಕಳಿಗೆ ಇಂಗ್ಲಿಷ್, ತೋಟಕ್ಕೆ ಹೊಸ ಮಡಿ, ಭಾರತದಿಂದ ಬರುವ ಅತಿಥಿಗಳ ಜೊತೆ ಮಾತು, ಇಂಥವು ಇದ್ದರೆ ನೀವು ಹೋದದ್ದಕ್ಕೆ ಅರ್ಥವಿದೆ. ಗದಗಿನ ಹುಡುಗನಿಗೆ ಲೆಕ್ಕ ಬರುತ್ತದೆ. ಸಣ್ಣ ಗೆಸ್ಟ್‌ಹೌಸಿನವರು ಚೀಟಿಗಳಲ್ಲಿ ಬರೆದಿಟ್ಟ ಜಮಾ-ಖರ್ಚನ್ನು ಕಂಪ್ಯೂಟರಿಗೆ ಹಾಕಿಕೊಟ್ಟರೆ ಅದು ಹತ್ತು ಚಾದರಕ್ಕಿಂತ ದೊಡ್ಡ ಸಹಾಯ.

ಹೊಳೆಗಳು, ಊಟ, ಹವೆ

ಈಜಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನಮ್ಮ ಬಯಲುಸೀಮೆಯವರು ಈಜು ಕಲಿತದ್ದು ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು, ಮೇಲಿನಿಂದ ಮಾವ ಹಗ್ಗ ಹಿಡಿದಿರುವಾಗ. ಬಾವಿಯ ನೀರು ನಿಂತ ನೀರು. ಸೆಳವು ಎಂದರೇನು ಎಂದು ನಮ್ಮ ಮೈಗೆ ಗೊತ್ತಿಲ್ಲ. ಲಾವೋಸಿನ ದಕ್ಷಿಣ ತುದಿಯ ಡಾನ್ ಡೆಟ್ ದ್ವೀಪದಲ್ಲಿ ಮೆಕಾಂಗ್ ನೋಡಲಿಕ್ಕೆ ಕೆರೆಯ ಹಾಗಿದೆ, ಮುಂದೆ ಕೆಳಗೆ ಖೋನ್ ಫಾಫೆಂಗ್ ಧಬಧಬೆಯಿದೆ. ನೀರು ಅಲ್ಲಿಗೆ ಎಳೆಯುತ್ತಿರುತ್ತದೆ. ಸೌರಾಹಾದ ರಾಪ್ತಿಯಲ್ಲಂತೂ ಇಳಿಯುವ ಮಾತೇ ಇಲ್ಲ, ದಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮೊಸಳೆ ಮಲಗಿರುತ್ತವೆ, ಮಗ್ಗರ್ ಒಂದು ಜಾತಿ, ಉದ್ದ ಮೂತಿಯ ಘರಿಯಾಲ್ ಇನ್ನೊಂದು. ಕಂಪೋಟಿನ ಹೊಳೆ ಮೂರರಲ್ಲಿ ಶಾಂತ. ಕಡಲು ಹತ್ತಿರ, ನೀರು ಸಾವಕಾಶ, ರಾತ್ರಿ ದೋಣಿಯಲ್ಲಿ ಹೋದರೆ ದಂಡೆಯ ಗಿಡಗಳ ತುಂಬ ಮಿಂಚುಹುಳ. ನೀರಿನ ಚೆಲುವಿಗಷ್ಟೇ ಅಂಕ ಕೊಡುವುದಾದರೆ ನಾನು ಕಂಪೋಟಿಗೇ ಕೊಡುತ್ತೇನೆ.

ಆದರೆ ಸೌರಾಹಾಕ್ಕೆ ಬೇರೆ ಒಂದು ದೊಡ್ಡ ಸಂಪತ್ತಿದೆ. ಹೊಳೆಯ ಆಚೆ ದಂಡೆ ಚಿತ್ವನ್ ರಾಷ್ಟ್ರೀಯ ಉದ್ಯಾನ. 1973ರಲ್ಲಿ ಆದದ್ದು, 1984ರಿಂದ ವಿಶ್ವ ಪರಂಪರೆಯ ತಾಣ. 2021ರ ಎಣಿಕೆಯಲ್ಲಿ ನೇಪಾಳದ 752 ಒಂಟಿಕೊಂಬಿನ ಘೇಂಡಾಮೃಗಗಳಲ್ಲಿ 694 ಇಲ್ಲೇ ಇದ್ದವು. ಸಂಜೆಯಾದರೆ ಒಂದೊಂದು ಹೊಳೆ ದಾಟಿ ಊರೊಳಗೇ ಬರುತ್ತದೆ. ಒಂದು ರಾತ್ರಿ ನಾನು ಅಡುಗೆಮನೆಯ ಹಿಂದೆ ನೀರು ಚೆಲ್ಲಲು ಹೋದಾಗ ಹತ್ತು ಮಾರು ದೂರದಲ್ಲಿ ಹುಲ್ಲು ಹರಿಯುವ ಸದ್ದು ಕೇಳಿಸಿತು, ಎಮ್ಮೆ ಎಂದುಕೊಂಡೆ. ಟಾರ್ಚು ಬಿಟ್ಟರೆ ಮಡಿಕೆ ಮಡಿಕೆ ಚರ್ಮದ ಗೋಡೆ. ಬಕೀಟು ಅಲ್ಲೇ ಇಟ್ಟು ಹಿಂದಕ್ಕೆ ಸರಿದೆ. ಅದು ಮೇಯುವುದನ್ನು ನಿಲ್ಲಿಸಲೂ ಇಲ್ಲ.

ಹವೆಯ ಮಾತು. ನೇಪಾಳಕ್ಕೆ ಅಕ್ಟೋಬರ್‌ನಿಂದ ಮಾರ್ಚ್. ಮಳೆಗಾಲದಲ್ಲಿ ಹೊಳೆದಂಡೆಯ ಗೆಸ್ಟ್‌ಹೌಸು ಒಪ್ಪಿಕೊಳ್ಳಬೇಡಿ. 2017ರ ಆಗಸ್ಟಿನಲ್ಲಿ ರಾಪ್ತಿ ಸೌರಾಹಾದೊಳಗೇ ನುಗ್ಗಿ, ಹೋಟೆಲುಗಳಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಆನೆಗಳ ಮೇಲೆ ಹೊರತರಬೇಕಾಯಿತು. ಕಾಂಬೋಡಿಯಾ, ಲಾವೋಸುಗಳಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಊಟ ನಮ್ಮವರಿಗೆ ಸಣ್ಣ ವಿಷಯವಲ್ಲ. ಮೀನು-ಮಾಂಸ ತಿನ್ನುವವರಾದರೆ ಎಲ್ಲಿಯೂ ತೊಂದರೆಯಿಲ್ಲ. ಶಾಕಾಹಾರಿಗಳಿಗೆ ಕಾಂಬೋಡಿಯಾ ಕಷ್ಟ. ಕಾಯಿಪಲ್ಲೆ ಎಂದು ಕೊಟ್ಟದ್ದರಲ್ಲೂ ಮೀನಿನ ಸಾಸ್, ಹುಳಿಬರಿಸಿದ ಮೀನಿನ ಪ್ರಹೋಕ್ ಇರುತ್ತದೆ. ಲಾವೋಸಿನ ಪಾಡೆಕ್ ಕೂಡ ಅಂಥದೇ. ನಾನು ಅಲ್ಲಿ ಹನ್ನೆರಡು ದಿನ ಅನ್ನ, ಬಾಳೆಹಣ್ಣು, ಮತ್ತೆ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಮೇಲೆ ದಿನ ತೆಗೆದೆ. ಕಂಪೋಟಿನ ಕಾಳುಮೆಣಸು ಜಗತ್ತಿನಲ್ಲೇ ಹೆಸರುವಾಸಿ, ಅದನ್ನು ಚಟ್ನಿಪುಡಿಗೆ ಕುಟ್ಟಿ ಬೆರೆಸಿ ತಿಂದದ್ದು ಇನ್ನೂ ನಾಲಿಗೆಯ ಮೇಲಿದೆ. ನೇಪಾಳದಲ್ಲಿ ಬೇಳೆ, ಅನ್ನ, ಸೊಪ್ಪು, ಉಪ್ಪಿನಕಾಯಿ ಎರಡು ಹೊತ್ತೂ ಸಿಗುತ್ತದೆ. ರೊಟ್ಟಿ ನೆನಪಾಗುತ್ತದೆ, ಹಸಿವೆ ಆಗುವುದಿಲ್ಲ.

ದಾರಿಖರ್ಚಿನಲ್ಲೂ ನೇಪಾಳವೇ ಹಗುರ. ಹುಬ್ಬಳ್ಳಿಯಿಂದ ಸಂಪರ್ಕ ಕ್ರಾಂತಿಯಲ್ಲಿ ದೆಹಲಿ, ಅಲ್ಲಿಂದ ಗೋರಖಪುರ, ಬಸ್ಸಿನಲ್ಲಿ ಸುನೌಲಿ, ಗಡಿ ನಡೆದು ದಾಟಿದರೆ ಆ ಕಡೆ ಚಿತ್ವನ್ ಬಸ್ಸು. ನಮ್ಮ ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರ್ಮು ಬರುವ ಮುಂಚೆ ಜಗತ್ತಿನ ಉದ್ದದ ಪ್ಲಾಟ್‌ಫಾರ್ಮು ಎಂಬ ಹೆಸರು ಗೋರಖಪುರದ್ದೇ ಆಗಿತ್ತು, 1,366 ಮೀಟರ್. ಅಲ್ಲಿ ಇಳಿದಾಗ ಒಬ್ಬ ಕೂಲಿಯವನಿಗೆ ನಾನು ಹುಬ್ಬಳ್ಳಿಯವಳು ಎಂದೆ. ‘ಹಾಗಾದ್ರ ನಿಮಗ ಇದು ಗಿಡ್ಡ ಅನಿಸಬೇಕಲ್ಲ’ ಎಂದು ಅವನ ಹಿಂದಿಯಲ್ಲಿ ನಕ್ಕ. ಆ ನಗೆಯಲ್ಲಿ ನನ್ನ ಭಯ ಅರ್ಧ ಇಳಿಯಿತು. ಕಾಂಬೋಡಿಯಾ, ಲಾವೋಸಿಗೆ ಬೆಂಗಳೂರಿಗೆ ಹೋಗಿ ವಿಮಾನ ಹತ್ತಿ ನಡುವೆ ಬದಲಿಸಬೇಕು. ಮೂರು ವಾರದ ಪುಕ್ಕಟೆ ಮಂಚ ಉಳಿಸುವ ದುಡ್ಡಿಗಿಂತ ಟಿಕೆಟ್ಟೇ ಹೆಚ್ಚು. 2025ರ ಜುಲೈನ ಗಡಿ ಕಾದಾಟದ ಮೇಲೆ ಥಾಯ್ಲೆಂಡಿನಿಂದ ಕಾಂಬೋಡಿಯಾಕ್ಕೆ ಬಸ್ಸಿನಲ್ಲಿ ಹೋಗುವ ಹಳೆಯ ಅಗ್ಗದ ದಾರಿಯನ್ನೂ ನಂಬಿ ಹೊರಡುವಂತಿಲ್ಲ.

ಲಾವೋಸಿನ ವಾಂಗ್ ವಿಯೆಂಗ್ ಬಗ್ಗೆ ಒಂದು ಮಾತು. ನಾಮ್ ಸಾಂಗ್ ಹೊಳೆ, ಅದರ ಹಿಂದೆ ಸುಣ್ಣಕಲ್ಲಿನ ಗುಡ್ಡಗಳ ಸಾಲು, ಕಣ್ಣು ಕೀಳಲಾಗದು. ಅಲ್ಲಿ ಸ್ವಯಂಸೇವಕರಿಗೆ ಸಿಗುವುದು ಬಹುತೇಕ ಬಾರಿನ ಕೆಲಸ, ಅತಿಥಿಗಳಿಗೆ ಪುಕ್ಕಟೆ ಮದ್ಯ ಹಂಚುವುದು. 2024ರ ನವೆಂಬರಿನಲ್ಲಿ ಅದೇ ಊರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ಪ್ರವಾಸಿಗರು ಸತ್ತರು. ಬಾಟಲಿಯಲ್ಲಿ ಏನಿದೆ ಎಂದು ಸುರಿಯುವವರಿಗೆ ಗೊತ್ತಿರುವುದಿಲ್ಲ. ಅಂಥ ಕೈ ನಿಮ್ಮದಾಗುವುದು ಬೇಡ.

ಯಾರ ಮೂಲಕ ಹೋಗುವುದು

ಮೂರು ದಾರಿ ಇವೆ. ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್ ಥರದ ತಾಣಕ್ಕೆ ವರ್ಷದ ಚಂದಾ ಕಟ್ಟುವುದು ಒಂದು. ಅಲ್ಲಿ ಹಿಂದೆ ಉಳಿದವರು ಬರೆದ ಅಭಿಪ್ರಾಯ ಸಿಗುತ್ತದೆ, ದುಡ್ಡು ಹೋಗುವುದು ಅದಕ್ಕೇ. ಐದು ನಕ್ಷತ್ರದ ಹೊಗಳಿಕೆ ಬಿಡಿ, ಮೂರು ನಕ್ಷತ್ರದವರು ಏನು ಬರೆದಿದ್ದಾರೆ ಓದಿ. ಹೆಂಗಸರು ಬರೆದದ್ದನ್ನು ಬೇರೆಯಾಗಿ ಓದಿ. ಸಾವಯವ ಕೃಷಿಯ ಹೊಲಗಳಿಗೆ ಜೋಡಿಸುವ ವೂಫ್ 1971ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ನಮ್ಮ ಹೊಲಮನೆಯ ಮಕ್ಕಳಿಗೆ ಅದು ಗೆಸ್ಟ್‌ಹೌಸಿಗಿಂತ ಚೆನ್ನಾಗಿ ಒಗ್ಗಬಹುದು. ಎರಡನೆಯ ದಾರಿ, ಮಾಲೀಕರಿಗೆ ನೇರವಾಗಿ ಬರೆಯುವುದು. ಇದು ಬಿಟ್ಟಿ, ಆದರೆ ಸಾಕ್ಷಿ ಯಾರೂ ಇರುವುದಿಲ್ಲ. ನನ್ನದು ಇದೇ ದಾರಿ, ಇನ್ನೊಮ್ಮೆ ಹೋದರೆ ಮೊದಲನೆಯದನ್ನೇ ಹಿಡಿಯುತ್ತೇನೆ. ಮೂರನೆಯದು, ಲಕ್ಷಗಟ್ಟಲೆ ತೆಗೆದುಕೊಂಡು ‘ಸ್ವಯಂಸೇವಾ ಪ್ಯಾಕೇಜ್’ ಮಾರುವ ಏಜೆಂಟರು. ದುಡಿಯಲಿಕ್ಕೆ ನೀವೇ ದುಡ್ಡು ಕೊಡುವುದಾದರೆ ಆ ದುಡ್ಡಿನಲ್ಲಿ ಅತಿಥಿಯಾಗಿ ಉಳಿದು ಊರಿನವರಿಗೆ ಕೂಲಿ ಸಿಗುವಂತೆ ಮಾಡಿ.

ಅದೂ ಅಲ್ಲದ ನಾಲ್ಕನೆಯವರು ಇದ್ದಾರೆ, ಅವರ ಬಗ್ಗೆ ನನಗೆ ನಿಜವಾದ ಭಯ. ಟಿಕೆಟ್ಟು ನಾವೇ ಕೊಡುತ್ತೇವೆ, ಹೋಟೆಲ್ ಕೆಲಸ, ಕಂಪ್ಯೂಟರ್ ಬಂದರೆ ಸಂಬಳವೂ ಉಂಟು ಎನ್ನುವವರು. ಕಾಂಬೋಡಿಯಾ, ಲಾವೋಸಿನ ಮೆಕಾಂಗ್ ದಂಡೆಯ ಗೋಲ್ಡನ್ ಟ್ರಯಾಂಗಲ್ ವಿಶೇಷ ಆರ್ಥಿಕ ವಲಯ, ಮ್ಯಾನ್ಮಾರಿನ ಮ್ಯಾವಡಿ, ಇಲ್ಲೆಲ್ಲ ಹೀಗೆ ಕರೆಸಿಕೊಂಡು ಪಾಸ್‌ಪೋರ್ಟು ಕಸಿದು ಸೈಬರ್ ಮೋಸದ ಕೆಲಸಕ್ಕೆ ಕೂರಿಸುತ್ತಾರೆ. 2025ರ ಮಾರ್ಚಿನಲ್ಲಿ ಮ್ಯಾನ್ಮಾರಿನ ಅಂಥ ಕೇಂದ್ರಗಳಿಂದ ಬಿಡಿಸಿಕೊಂಡ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತಂದರು. ಟಿಕೆಟ್ಟು ನಿಮ್ಮದೇ ಇರಲಿ, ಪಾಸ್‌ಪೋರ್ಟು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ, ವಿಮಾನ ನಿಲ್ದಾಣದಿಂದ ಗೆಸ್ಟ್‌ಹೌಸಿಗೆ ನೀವೇ ಬಸ್ಸು ಹಿಡಿದು ಹೋಗಿ. ಪರದೇಶದಲ್ಲಿ ತೊಂದರೆಗೆ ಸಿಕ್ಕವರ ದೂರು ಕೇಳುವ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಯಾವುದು, ಆ ದೇಶದ ನಮ್ಮ ರಾಯಭಾರ ಕಚೇರಿಯ ನಂಬರು ಯಾವುದು ಎಂದು ಮನೆಯ ಗೋಡೆಗೆ ಬರೆದಿಟ್ಟು ಹೋಗಿ. ನಮ್ಮ ಅವ್ವ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿದ್ದಳು, ಇನ್ನೂ ಅಳಿಸಿಲ್ಲ. ಹೆಣ್ಣುಮಕ್ಕಳು ಇನ್ನೊಂದು ಕೇಳಲೇಬೇಕು: ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇದೆಯೋ, ಕೀಲಿ ನನ್ನ ಹತ್ತಿರ ಇರುತ್ತದೋ? ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವ ಮಾಲೀಕರ ಹತ್ತಿರ ಹೋಗಬೇಡಿ.

ಪ್ರವಾಸ ವಿಮೆ ತೆಗೆದುಕೊಳ್ಳುವಾಗ ಮೈಮುರಿವ ಕೆಲಸ ಅದರಲ್ಲಿ ಸೇರಿದೆಯೋ ನೋಡಿ. ಸಾಮಾನ್ಯವಾಗಿ ಸೇರಿರುವುದಿಲ್ಲ. ಏಣಿ ಹತ್ತಿ ಬಣ್ಣ ಬಳಿಯುವಾಗ ಬಿದ್ದರೆ ಖರ್ಚು ನಿಮ್ಮದೇ.

ಕಾಳಿಯ ದಂಡೆ

ಇಷ್ಟೆಲ್ಲ ಕೇಳಿ ಗದಗಿನ ಹುಡುಗ ಸುಮ್ಮನಾದ. ‘ಹಂಗಾರ ಬ್ಯಾಡ ಅಂತೀರೇನ್ರಿ?’ ಎಂದ. ಬೇಡ ಎನ್ನಲಿಲ್ಲ. ಮೊದಲು ಎರಡು ವಾರ ಕಾಳಿ ದಂಡೆಯಲ್ಲಿ ಮಾಡಿ ನೋಡು ಎಂದೆ. ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿ ಸುಮಾರು 55 ಕಿಲೋಮೀಟರ್. ಅಲ್ಲಿಂದ ಗಣೇಶಗುಡಿ ತನಕ ಹೊಳೆಗುಂಟ ಹೋಂಸ್ಟೇಗಳು. ಶನಿವಾರ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಗಾಡಿ ತುಂಬಿ ಬರುತ್ತವೆ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ರಾಫ್ಟಿಂಗ್ ನಡೆಯುತ್ತದೆ, ಬಿಡದಿದ್ದರೆ ಅತಿಥಿಗಳು ಸಿಟ್ಟಾಗುತ್ತಾರೆ. ಆ ಸಿಟ್ಟನ್ನು ಮುಖ ಕೊಟ್ಟು ಕೇಳಿಸಿಕೊಳ್ಳುವುದೇ ಈ ಕೆಲಸದ ಮುಕ್ಕಾಲು ಪಾಲು. ವೀಸಾ ಇಲ್ಲ, ಭಾಷೆ ನಮ್ಮದೇ, ಸೇರದಿದ್ದರೆ ಬಸ್ಸು ಹತ್ತಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಅಲ್ಲಿಯೂ ಅದೇ ನೇಮ, ಚಾದರ ಒಗೆಯುವವರ ಕೆಲಸಕ್ಕೆ ಕೈ ಹಾಕಬಾರದು. ಅವನು ಲೆಕ್ಕ ಬರೆದುಕೊಡುತ್ತೇನೆ, ಬುಕಿಂಗ್ ನೋಡಿಕೊಳ್ಳುತ್ತೇನೆ ಎಂದು ಕೇಳಿಕೊಂಡು ಹೋದ.

ಅವನ ಹಾಗೆ ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಮೊದಲ ಸಲ ಗಡಿ ದಾಟುವವರಿಗೆ ನನ್ನ ಆಯ್ಕೆ ಹೀಗೆಯೇ: ಕಾಳಿಯಲ್ಲಿ ಎರಡು ವಾರ, ಆಮೇಲೆ ಚಳಿಗಾಲದಲ್ಲಿ ರಾಪ್ತಿ ದಂಡೆ. ಗದ್ದಲ ಬೇಡ, ಕಾಡೇ ಬೇಕು ಎನ್ನುವವರು ಚಿತ್ವನ್ ಬಿಟ್ಟು ಇನ್ನೂ ಪಶ್ಚಿಮಕ್ಕೆ ಬರ್ದಿಯಾದ ಠಾಕುರದ್ವಾರಕ್ಕೆ ಹೋಗಬಹುದು, ಕರ್ನಾಲಿ ಸೀಮೆ, ಜನ ಕಡಿಮೆ. ಕಂಪೋಟಿಗೆ ಹೋಗಲೇಬೇಕು ಎಂದು ಮನಸ್ಸಾದವರು ಹತ್ತು ದಿನದ ದುಡ್ಡು ಕೂಡಿಸಿ ಅತಿಥಿಯಾಗಿ ಹೋಗಿ, ಜೋಲಿಯಲ್ಲಿ ಮಲಗಿ, ಮಿಂಚುಹುಳ ನೋಡಿ ಬನ್ನಿ. ಅಲ್ಲಿ ದುಡಿಯುವುದು ಇ ವೀಸಾ, ವರ್ಕ್ ಪರ್ಮಿಟ್ ಮಾಡಿಸಿಕೊಡುವ ಮಾಲೀಕರು ಸಿಕ್ಕರೆ ಮಾತ್ರ. ಲಾವೋಸನ್ನು ನಾನು ಯಾರಿಗೂ ಕೆಲಸಕ್ಕೆಂದು ಹೇಳುವುದಿಲ್ಲ.

ಮೊನ್ನೆ ರವಿವಾರ ರಾತ್ರಿ ಗಣೇಶಗುಡಿಯಿಂದ ಫೋನ್ ಬಂತು. ಹಿಂದೆ ನೀರಿನ ಸದ್ದು ಕೇಳುತ್ತಿತ್ತು. ಆ ದಿನ ನೀರು ಬಿಟ್ಟಿರಲಿಲ್ಲವಂತೆ, ಹದಿನೆಂಟು ಜನರ ಗುಂಪು ರೊಕ್ಕ ವಾಪಸ್ ಕೇಳಿ ಒಂದು ತಾಸು ಜಗಳಾಡಿದರಂತೆ. ‘ಹೆಂಗ ಅನಸ್ತು?’ ಎಂದೆ. ‘ಮೊದಲ ಅಂಜಿದ್ನಿರಿ. ಆಮ್ಯಾಲ ಎಲ್ಲಾರಿಗೂ ಚಾ ಮಾಡಿಸಿ ಕೊಟ್ಟು ಕುಂಡ್ರಿಸಿದ್ನಿ’ ಎಂದ. ಮತದಾರರ ಚೀಟಿ ಇದೆ, ಆದರೂ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಬರುವ ತಿಂಗಳಿಗೆ ದಿನ ತೆಗೆದುಕೊಂಡಿದ್ದಾನಂತೆ. ಆಮೇಲೆ ಕೇಳಿದ:

‘ಅಕ್ಕಾರ, ಡಿಸೆಂಬರದಾಗ ಸೌರಾಹಾದಾಗ ಥಂಡಿ ಭಾಳ ಇರ್ತೈತೇನ್ರಿ?’

ಎರಡು ಸ್ವೆಟರ್ ಇಟ್ಕೋ, ಮಂಜಿಗೆ ಕಿವಿಗೆ ಕಟ್ಟಿಕೊಳ್ಳಲು ಒಂದು ಮಫ್ಲರ್ ಇರಲಿ ಎಂದೆ.